ಹಿರಿಯರ ಖಿನ್ನತೆ: ಮೆದುಳಿನ ಸ್ಕ್ಯಾನ್ ಏನು ಹೇಳುತ್ತದೆ? ಕರೆಂಟ್ ಚಿಕಿತ್ಸೆಗೆ ಹೆದರಬೇಕೆ?

“ಪ್ರಾಯ ಆಯಿತಲ್ಲ, ಇನ್ನು ಹೀಗೇ.” ಮನೆಯ ಅಜ್ಜಿ ಊಟ ಬಿಟ್ಟು ಮೂಲೆ ಸೇರಿದಾಗ, ಅಜ್ಜ ಯಾರೊಂದಿಗೂ ಮಾತನಾಡದೆ ದಿನವಿಡೀ ಮಲಗಿಯೇ ಇದ್ದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಇದು. ಮಂಡಿನೋವಿಗೆ ಎಲುಬಿನ ಡಾಕ್ಟರ್, ಪೊರೆ ಬಂದರೆ ಕಣ್ಣಿನ ಡಾಕ್ಟರ್ ಎಂದು ಹುಡುಕಿಕೊಂಡು ಹೋಗುವ ನಾವು, ಮನಸ್ಸಿನ ಕಾಯಿಲೆಗೆ ಮಾತ್ರ ವಯಸ್ಸಿನ ಹೆಸರು ಕೊಟ್ಟು ಸುಮ್ಮನಾಗುತ್ತೇವೆ.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದನ್ನು ಒಂದು ಸಮೀಕ್ಷೆ ತೋರಿಸಿಕೊಟ್ಟಿದೆ. 2017-18ರಲ್ಲಿ ದೇಶದಾದ್ಯಂತ ಮನೆಮನೆಗೆ ಹೋಗಿ ನಡೆಸಿದ ‘ಲಾಸಿ’ ಎಂಬ ಸಮೀಕ್ಷೆಯಲ್ಲಿ 60 ವರ್ಷ ದಾಟಿದವರ ಪೈಕಿ ಶೇಕಡಾ 8.3 ಮಂದಿಯಲ್ಲಿ ಗಂಭೀರ ಖಿನ್ನತೆಯ ಲಕ್ಷಣಗಳು ಕಂಡುಬಂದವು. ಅಂದರೆ ಸುಮಾರು 12 ಹಿರಿಯರಲ್ಲಿ ಒಬ್ಬರು. ಆದರೆ ತಮಗೆ ಖಿನ್ನತೆ ಇದೆಯೆಂದು ವೈದ್ಯರು ಗುರುತಿಸಿದ್ದಾರೆ ಎಂದು ಹೇಳಿದವರು ಶೇಕಡಾ 0.8 ಮಾತ್ರ! ಕಾಯಿಲೆ ಇರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ವೈದ್ಯರ ಕಣ್ಣಿಗೆ ಬಿದ್ದೇ ಇಲ್ಲ ಎಂದು ಇದರ ಅರ್ಥ.

ವೈದ್ಯರ ಬಳಿಗೆ ಹೋದ ಕುಟುಂಬಗಳಲ್ಲಿಯೂ ಎರಡು ತಪ್ಪು ತಿಳುವಳಿಕೆಗಳು ಸಾಮಾನ್ಯ. “ತಲೆಗೆ ಒಂದು ಸ್ಕ್ಯಾನ್ ಮಾಡಿಸಿದರೆ ಎಲ್ಲಾ ಗೊತ್ತಾಗುತ್ತದೆ” ಎಂಬುದು ಒಂದು. “ಶಾಕ್ ಮಾತ್ರ ಬೇಡ ಡಾಕ್ಟರೇ, ಈ ಪ್ರಾಯದಲ್ಲಿ ತಡೆಯಲಿಕ್ಕಿಲ್ಲ” ಎಂಬುದು ಇನ್ನೊಂದು. ಮೊದಲನೆಯದು ಅತಿಯಾದ ನಂಬಿಕೆ, ಎರಡನೆಯದು ಅತಿಯಾದ ಭಯ. ಈ ಎರಡರ ಕುರಿತು ಇಂದು ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಸರಳವಾಗಿ ತಿಳಿದುಕೊಳ್ಳೋಣ.

ಬೇಸರವೇ ಬೇರೆ, ಖಿನ್ನತೆಯೇ ಬೇರೆ

ಬಾಳಸಂಗಾತಿಯನ್ನು ಕಳೆದುಕೊಂಡಾಗ, ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೋ ಬೆಂಗಳೂರು, ಮುಂಬಯಿಗೋ ಹೋಗಿ ಮನೆ ಖಾಲಿಯಾದಾಗ ಬೇಸರವಾಗುವುದು ಸಹಜ. ಅದು ಕಾಯಿಲೆಯಲ್ಲ. ಆದರೆ ಎರಡು ವಾರಗಳಿಗೂ ಮೀರಿ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡವೆನಿಸಿದರೆ, ನಿದ್ದೆ, ಹಸಿವು, ತೂಕ ಕಡಿಮೆಯಾಗುತ್ತಾ ಬಂದರೆ ಅದು ಖಿನ್ನತೆಯಾಗಿರಬಹುದು.

ಹಿರಿಯರಲ್ಲಿ ಈ ಕಾಯಿಲೆ ವೇಷ ಬದಲಿಸಿಕೊಂಡು ಬರುವುದುಂಟು. “ದುಃಖವಾಗುತ್ತಿದೆ” ಎಂದು ಅವರು ಹೇಳುವುದು ಕಡಿಮೆ. ಮೈಕೈ ನೋವು, ಹೊಟ್ಟೆ ಉರಿ, ಸುಸ್ತು ಎಂದು ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರಲ್ಲಿಗೆ ಅಲೆಯುತ್ತಾರೆ. ಕೆಲವರು ಸಣ್ಣ ಮಾತಿಗೂ ಸಿಡುಕುತ್ತಾರೆ. ಇನ್ನು ಕೆಲವರಿಗೆ ಮರೆವು ಬಂದಂತೆ ಕಾಣುತ್ತದೆ. ಏನು ಕೇಳಿದರೂ “ಗೊತ್ತಿಲ್ಲ” ಎನ್ನುತ್ತಾರೆ. ಮನೆಯವರು ಇದನ್ನು ಮರೆಗುಳಿತನ ಎಂದುಕೊಳ್ಳುತ್ತಾರೆ. ಖಿನ್ನತೆಯಿಂದ ಬಂದ ಇಂತಹ ಮರೆವು ಖಿನ್ನತೆಗೆ ಚಿಕಿತ್ಸೆ ದೊರೆತಾಗ ಬಹಳಷ್ಟು ಸರಿಹೋಗುತ್ತದೆ. ಖಿನ್ನತೆ ಮತ್ತು ಮರೆಗುಳಿತನ ಎರಡೂ ಒಟ್ಟಿಗೇ ಇರುವುದೂ ಉಂಟು. ಆದ್ದರಿಂದಲೇ ಪರೀಕ್ಷೆ ಅಗತ್ಯ.

ಧರ್ಮಗುರುಗಳು ಮತ್ತು ಮನೆ ಭೇಟಿಗೆ ಹೋಗುವ ಕಾರ್ಯಕರ್ತರು ಗಮನಿಸಬೇಕಾದ ಒಂದು ಲಕ್ಷಣವಿದೆ. ತೀವ್ರ ಖಿನ್ನತೆಯಲ್ಲಿ ಕೆಲವರಿಗೆ ಪಾಪಪ್ರಜ್ಞೆ ಮಿತಿಮೀರುತ್ತದೆ. “ನನ್ನ ಪಾಪಕ್ಕೆ ಕ್ಷಮೆಯೇ ಇಲ್ಲ, ದೇವರು ನನ್ನನ್ನು ಕೈಬಿಟ್ಟಿದ್ದಾರೆ” ಎಂದು ಎಷ್ಟು ಸಮಾಧಾನ ಹೇಳಿದರೂ ಬಿಡದೆ ಹೇಳುತ್ತಾರೆ. ಐವತ್ತು ವರ್ಷಗಳ ಹಿಂದಿನ ಸಣ್ಣ ತಪ್ಪನ್ನು ಮತ್ತೆ ಮತ್ತೆ ನಿವೇದಿಸುತ್ತಾರೆ. ಇದು ವಿಶ್ವಾಸದ ಕೊರತೆಯಲ್ಲ, ಕಾಯಿಲೆಯ ಲಕ್ಷಣ. ಇಂತಹವರಿಗೆ ಪ್ರಾರ್ಥನೆಯ ಜೊತೆಗೆ ಮನೋವೈದ್ಯರೂ ತುರ್ತಾಗಿ ಬೇಕು.

ಸ್ಕ್ಯಾನ್ ಏಕೆ ಮಾಡಿಸುತ್ತಾರೆ?

ಬದುಕಿರುವ ಮನುಷ್ಯನ ತಲೆಬುರುಡೆಯನ್ನು ತೆರೆಯದೆ ಮೆದುಳನ್ನು ನೋಡುವುದು ಒಂದು ಕಾಲದಲ್ಲಿ ಕನಸಾಗಿತ್ತು. 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಸಿ.ಟಿ. ಸ್ಕ್ಯಾನ್ ನಡೆಯಿತು. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅನಂತರ ಬಂದ ಎಂ.ಆರ್.ಐ. ಯಂತ್ರ ಕ್ಷ-ಕಿರಣಗಳ ಬದಲು ಬಲವಾದ ಅಯಸ್ಕಾಂತವನ್ನು ಬಳಸಿ ಇನ್ನೂ ಸ್ಪಷ್ಟವಾದ ಚಿತ್ರ ಕೊಡುತ್ತದೆ.

ಖಿನ್ನತೆಯಂತೆ ಕಾಣುವ, ಆದರೆ ಖಿನ್ನತೆಯಲ್ಲದ ಕಾಯಿಲೆಗಳನ್ನು ಪತ್ತೆಹಚ್ಚುವುದು ಹಿರಿಯರಿಗೆ ಸ್ಕ್ಯಾನ್ ಬರೆದುಕೊಡುವುದರ ಮುಖ್ಯ ಉದ್ದೇಶ. ಉದಾಹರಣೆಗೆ:

1. ತಲೆಯೊಳಗಿನ ರಕ್ತಸ್ರಾವ: ಬಚ್ಚಲಿನಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾಗಿರುತ್ತದೆ. ಎಲ್ಲರೂ ಮರೆತೂಬಿಟ್ಟಿರುತ್ತಾರೆ. ಕೆಲವು ವಾರಗಳ ಬಳಿಕ ಅವರು ಮಂಕಾಗುತ್ತಾರೆ, ತಡವರಿಸುತ್ತಾರೆ, ಹೆಚ್ಚು ನಿದ್ರಿಸುತ್ತಾರೆ. ತಲೆಬುರುಡೆ ಮತ್ತು ಮೆದುಳಿನ ನಡುವೆ ರಕ್ತ ನಿಧಾನವಾಗಿ ಶೇಖರವಾಗಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಅಪಾಯ ಹೆಚ್ಚು. ಸಿ.ಟಿ. ಸ್ಕ್ಯಾನ್ ಇದನ್ನು ನಿಮಿಷಗಳಲ್ಲಿ ತೋರಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಹೆಚ್ಚು.

2. ಮೆದುಳಿನ ಮುಂಭಾಗದ ಗಡ್ಡೆ: ನಿಧಾನವಾಗಿ ಬೆಳೆಯುವ ಗಡ್ಡೆ ಉತ್ಸಾಹವನ್ನು ಕುಗ್ಗಿಸಿ ಸ್ವಭಾವವನ್ನೇ ಬದಲಿಸಬಲ್ಲದು.

3. ಮೆದುಳಿನಲ್ಲಿ ನೀರು ತುಂಬುವುದು: ಕಾಲು ನೆಲಕ್ಕೆ ಅಂಟಿದಂತಹ ನಡಿಗೆ, ಮೂತ್ರದ ಮೇಲೆ ಹಿಡಿತವಿಲ್ಲದಿರುವುದು, ಮರೆವು ಈ ಮೂರೂ ಒಟ್ಟಿಗೆ ಬಂದರೆ ವೈದ್ಯರು ಇದನ್ನು ಸಂಶಯಿಸುತ್ತಾರೆ.

4. ಗೊತ್ತಾಗದೆ ಬಂದುಹೋದ ಸಣ್ಣ ಪಾರ್ಶ್ವವಾಯು.

ಸ್ಕ್ಯಾನ್‌ಗಿಂತ ಮೊದಲು ಕಡಿಮೆ ಖರ್ಚಿನ ರಕ್ತಪರೀಕ್ಷೆಗಳೂ ಆಗಬೇಕು. ಥೈರಾಯ್ಡ್ ಕಡಿಮೆಯಾದರೆ, ಬಿ-12 ಜೀವಸತ್ವದ ಕೊರತೆಯಾದರೆ, ರಕ್ತದಲ್ಲಿ ಸೋಡಿಯಂ ಇಳಿದರೆ ಕೂಡ ಹಿರಿಯರು ಮಂಕಾಗುತ್ತಾರೆ. ಇವನ್ನು ಯಾವ ಸ್ಕ್ಯಾನ್ ಕೂಡ ತೋರಿಸುವುದಿಲ್ಲ.

ಸ್ಕ್ಯಾನ್ ಹೇಳದಿರುವುದು ಏನು?

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಖಿನ್ನತೆ ಇದೆಯೋ ಇಲ್ಲವೋ ಎಂದು ಹೇಳುವ ಸ್ಕ್ಯಾನ್ ಇಂದಿಗೂ ಇಲ್ಲ. ಖಿನ್ನತೆಯನ್ನು ನಿರ್ಧರಿಸುವುದು ಮನೋವೈದ್ಯರು ರೋಗಿಯೊಡನೆ ಮತ್ತು ಮನೆಯವರೊಡನೆ ನಡೆಸುವ ಮಾತುಕತೆಯಿಂದ. ಆದ್ದರಿಂದ “ಸ್ಕ್ಯಾನ್ ನಾರ್ಮಲ್ ಬಂದಿದೆ, ಅವರಿಗೆ ಏನೂ ಇಲ್ಲ, ಸುಮ್ಮನೆ ನಾಟಕ” ಎಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ಸ್ಕ್ಯಾನ್ ನಾರ್ಮಲ್ ಎಂದರೆ ರಕ್ತಸ್ರಾವ, ಗಡ್ಡೆ ಮುಂತಾದವು ಕಂಡಿಲ್ಲ ಎಂದಷ್ಟೇ ಅರ್ಥ. ನೋವು ಇಲ್ಲ ಎಂದು ಅರ್ಥವಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ವರದಿಯಲ್ಲಿ “ವಯಸ್ಸಿಗೆ ಸಂಬಂಧಿಸಿದ ಮೆದುಳಿನ ಕುಗ್ಗುವಿಕೆ” ಎಂದು ಬರೆದುದನ್ನು ಓದಿ ಮನೆಯವರು ಗಾಬರಿಯಾಗುತ್ತಾರೆ. ಕೂದಲು ನೆರೆಯುವಂತೆ ವಯಸ್ಸಾದಂತೆ ಮೆದುಳೂ ಸ್ವಲ್ಪ ಕುಗ್ಗುತ್ತದೆ. ಅದೊಂದೇ ಮಾತು ಮರೆಗುಳಿತನದ ತೀರ್ಪಲ್ಲ.

ಪೆಟ್ ಸ್ಕ್ಯಾನ್‌ನ ವಿಷಯವೂ ಹೀಗೆಯೇ. ಆಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ವಸ್ತುವನ್ನು ಈಗ ವಿಶೇಷ ಪೆಟ್ ಸ್ಕ್ಯಾನ್‌ನಲ್ಲಿ ನೋಡಬಹುದು. ಆದರೆ ಯಾವ ಮರೆವೂ ಇಲ್ಲದ ಹಲವು ಹಿರಿಯರ ಮೆದುಳಿನಲ್ಲಿಯೂ ಅದು ಕಾಣಸಿಗುತ್ತದೆ. ಆದ್ದರಿಂದ ಲಕ್ಷಣಗಳಿಲ್ಲದವರು “ಒಮ್ಮೆ ನೋಡಿಬಿಡೋಣ” ಎಂದು ಇಂತಹ ದುಬಾರಿ ಪರೀಕ್ಷೆ ಮಾಡಿಸುವುದರಿಂದ ಚಿಂತೆ ಹೆಚ್ಚಬಹುದೇ ಹೊರತು ಪ್ರಯೋಜನ ಕಡಿಮೆ.

ಎಂ.ಆರ್.ಐ.ಯಲ್ಲಿ ಕಾಣುವ ಬಿಳಿ ಕಲೆಗಳು

ಹಾಗಾದರೆ ಸ್ಕ್ಯಾನ್‌ನಿಂದ ಖಿನ್ನತೆಯ ಬಗ್ಗೆ ಏನೂ ತಿಳಿದಿಲ್ಲವೇ? ತಿಳಿದಿದೆ, ಮತ್ತು ಅದು ನಮಗೆ ಬಹಳ ಉಪಯುಕ್ತ. ಹಿರಿಯರ ಎಂ.ಆರ್.ಐ.ಯಲ್ಲಿ ಮೆದುಳಿನ ಒಳಭಾಗದಲ್ಲಿ ಬಿಳಿ ಕಲೆಗಳು ಕಾಣುವುದು ಸಾಮಾನ್ಯ. ಮೆದುಳಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಂದೇಶ ಒಯ್ಯುವ ತಂತುಗಳಿಗೆ ಸೂಕ್ಷ್ಮ ರಕ್ತನಾಳಗಳ ಮೂಲಕ ಸಾಕಷ್ಟು ರಕ್ತ ತಲುಪದೆ ಹಾನಿಯಾದ ಗುರುತುಗಳು ಅವು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಇದ್ದವರಲ್ಲಿ ಹೆಚ್ಚು.

ಪ್ರಾಯ ಸಂದ ಮೇಲೆ ಮೊದಲ ಬಾರಿಗೆ ಖಿನ್ನತೆ ಬಂದವರಲ್ಲಿ ಈ ಕಲೆಗಳು ಹೆಚ್ಚಾಗಿರುವುದನ್ನು ಸಂಶೋಧಕರು ಗಮನಿಸಿದರು. ಇದರ ಆಧಾರದಲ್ಲಿ 1997ರಲ್ಲಿ ಅಮೆರಿಕದ ಜಾರ್ಜ್ ಅಲೆಕ್ಸೋಪೌಲೋಸ್ ಮತ್ತು ಸಂಗಡಿಗರು ‘ರಕ್ತನಾಳ ಸಂಬಂಧಿ ಖಿನ್ನತೆ’ ಎಂಬ ವಿಚಾರವನ್ನು ಮಂಡಿಸಿದರು. ಮೆದುಳಿನ ಮುಂಭಾಗಕ್ಕೂ ಭಾವನೆಗಳನ್ನು ನಿಯಂತ್ರಿಸುವ ಒಳಭಾಗಗಳಿಗೂ ನಡುವಿನ ದಾರಿ ಹಾಳಾದರೆ ಮನಸ್ಸು ಕುಗ್ಗುತ್ತದೆ, ಯೋಚನೆ ನಿಧಾನವಾಗುತ್ತದೆ, ಮಾತ್ರೆಗಳೂ ಬೇಗ ಹಿಡಿಯುವುದಿಲ್ಲ ಎಂಬುದು ಅದರ ಸಾರ. ಕಲೆ ಇದ್ದವರೆಲ್ಲರಿಗೂ ಖಿನ್ನತೆ ಬರುವುದಿಲ್ಲ. ಆದರೆ ಬಿ.ಪಿ. ಮತ್ತು ಶುಗರ್ ಹತೋಟಿಯಲ್ಲಿಡುವುದು ಹೃದಯಕ್ಕೆ ಮಾತ್ರವಲ್ಲ, ಮನಸ್ಸಿಗೂ ಒಳ್ಳೆಯದು ಎಂಬುದು ನಾವು ಕಲಿಯಬೇಕಾದ ಪಾಠ.

ನಮ್ಮ ರಾಜ್ಯದಲ್ಲಿಯೂ ಇಂತಹ ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿಯಿಟ್ಟುಕೊಂಡಿದೆ. ರಕ್ತಪರೀಕ್ಷೆ, ಜ್ಞಾಪಕಶಕ್ತಿಯ ಪರೀಕ್ಷೆಗಳ ಜೊತೆಗೆ ಮೆದುಳಿನ ಎಂ.ಆರ್.ಐ. ಕೂಡ ಇದರ ಭಾಗ.

‘ಶಾಕ್’ ಎಂದರೆ ಏನು?

ಈಗ ಎರಡನೆಯ ವಿಷಯಕ್ಕೆ ಬರೋಣ. ಇ.ಸಿ.ಟಿ. ಎಂಬ ವಿದ್ಯುತ್ ಚಿಕಿತ್ಸೆಯನ್ನು 1938ರಲ್ಲಿ ರೋಮ್ ನಗರದಲ್ಲಿ ಉಗೊ ಸೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ ಎಂಬ ವೈದ್ಯರು ಮೊದಲಿಗೆ ಮಾಡಿದರು. ಆ ಕಾಲದಲ್ಲಿ ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು. ರೋಗಿಯ ದೇಹ ಬಿಗಿದು ನಡುಗುತ್ತಿತ್ತು, ಎಲುಬು ಮುರಿಯುವುದೂ ಇತ್ತು. ಸಿನಿಮಾಗಳು ನಮಗೆ ಇಂದಿಗೂ ತೋರಿಸುವುದು ಆ ಹಳೆಯ ದೃಶ್ಯವನ್ನೇ.

ಇಂದಿನ ವಿಧಾನ ಬೇರೆ. ರೋಗಿ ಖಾಲಿಹೊಟ್ಟೆಯಲ್ಲಿ ಬರುತ್ತಾರೆ. ಅರಿವಳಿಕೆ ತಜ್ಞರು ಕೆಲವೇ ನಿಮಿಷಗಳ ನಿದ್ರೆ ಬರಿಸುತ್ತಾರೆ ಮತ್ತು ಸ್ನಾಯುಗಳನ್ನು ಸಡಿಲಿಸುವ ಮದ್ದು ಕೊಡುತ್ತಾರೆ. ಆಮ್ಲಜನಕ ನೀಡುತ್ತಾ ಹೃದಯ ಬಡಿತ, ರಕ್ತದೊತ್ತಡ ಗಮನಿಸುತ್ತಿರುತ್ತಾರೆ. ಬಳಿಕ ಕೆಲವು ಸೆಕೆಂಡುಗಳ ಕಾಲ ಅಳತೆ ಮಾಡಿದ ವಿದ್ಯುತ್ತನ್ನು ಹಾಯಿಸಲಾಗುತ್ತದೆ. ಅದರಿಂದ ಮೆದುಳಿನಲ್ಲಿ ಸುಮಾರು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಫಿಟ್ಸ್‌ನಂತಹ ಚಟುವಟಿಕೆ ಉಂಟಾಗುತ್ತದೆ. ಗುಣಪಡಿಸುವುದು ಇದೇ ಚಟುವಟಿಕೆ. ರೋಗಿಗೆ ನೋವು ತಿಳಿಯುವುದಿಲ್ಲ. ವಾರಕ್ಕೆ ಎರಡು ಅಥವಾ ಮೂರು ಬಾರಿಯಂತೆ ಸಾಮಾನ್ಯವಾಗಿ 6ರಿಂದ 12 ಬಾರಿ ಕೊಡಲಾಗುತ್ತದೆ.

ಅಚ್ಚರಿಯ ಸಂಗತಿಯೆಂದರೆ, ಈ ಚಿಕಿತ್ಸೆ ಹಿರಿಯರಲ್ಲಿ ಚೆನ್ನಾಗಿಯೇ ಫಲ ಕೊಡುತ್ತದೆ. ಅಮೆರಿಕದಲ್ಲಿ 60 ದಾಟಿದ, ತೀವ್ರ ಖಿನ್ನತೆಯಿದ್ದ 240 ಮಂದಿಗೆ ಇ.ಸಿ.ಟಿ. ಜೊತೆಗೆ ಒಂದು ಮಾತ್ರೆಯನ್ನು ಕೊಟ್ಟು ನಡೆಸಿದ ‘ಪ್ರೈಡ್’ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅವರ ಪೈಕಿ 148 ಮಂದಿಯಲ್ಲಿ, ಅಂದರೆ ಶೇಕಡಾ 62ರಷ್ಟು ಮಂದಿಯಲ್ಲಿ ಲಕ್ಷಣಗಳು ಬಹುತೇಕ ಇಳಿದುಹೋದವು. ಅದಕ್ಕೆ ಬೇಕಾದದ್ದು ಸರಾಸರಿ ಏಳು ಬಾರಿಯ ಚಿಕಿತ್ಸೆ ಮಾತ್ರ. ಮಾತ್ರೆಗಳು ಫಲ ಕೊಡಲು ವಾರಗಟ್ಟಲೆ ಹಿಡಿಯುತ್ತದೆ. ಅನ್ನ ನೀರು ಬಿಟ್ಟವರಿಗೆ, ಸಾಯುವ ಯೋಚನೆ ಮಾಡುವವರಿಗೆ, ಮಿತಿಮೀರಿದ ಪಾಪಪ್ರಜ್ಞೆಯ ಭ್ರಮೆ ಇರುವವರಿಗೆ ಅಷ್ಟು ಸಮಯವಿಲ್ಲ. ಇಂತಹವರಲ್ಲಿ ಇ.ಸಿ.ಟಿ. ಜೀವ ಉಳಿಸುವ ಚಿಕಿತ್ಸೆ.

ಅಡ್ಡ ಪರಿಣಾಮಗಳಿಲ್ಲವೆಂದಲ್ಲ. ಎಚ್ಚರವಾದಾಗ ಸ್ವಲ್ಪ ಹೊತ್ತು ಗೊಂದಲ, ತಲೆನೋವು ಇರುತ್ತದೆ. ಚಿಕಿತ್ಸೆಯ ವಾರಗಳಲ್ಲಿ ನಡೆದ ಸಂಗತಿಗಳು ಮರೆತುಹೋಗುವುದುಂಟು. ಹೆಚ್ಚಿನವರಲ್ಲಿ ಇದು ಸರಿಹೋಗುತ್ತದೆ, ಕೆಲವರಿಗೆ ಆ ದಿನಗಳ ಕೆಲವು ನೆನಪುಗಳು ಮರಳಿ ಬರುವುದಿಲ್ಲ. ಹೃದ್ರೋಗ ಅಥವಾ ಇತ್ತೀಚಿನ ಪಾರ್ಶ್ವವಾಯು ಇದ್ದವರಲ್ಲಿ ಹೆಚ್ಚು ಎಚ್ಚರ ಬೇಕು. ಆದರೆ ಸಾವಿನ ಅಪಾಯ ಬಹಳ ಕಡಿಮೆ: ಹಲವು ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ಲಕ್ಷ ಬಾರಿಯ ಚಿಕಿತ್ಸೆಗೆ ಸುಮಾರು ಎರಡು. ಇನ್ನೊಂದು ಮುಖ್ಯ ಮಾತು: ಗುಣವಾಯಿತೆಂದು ಎಲ್ಲವನ್ನೂ ನಿಲ್ಲಿಸಿದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸುತ್ತದೆ. ಮಾತ್ರೆಗಳನ್ನು ವೈದ್ಯರು ಹೇಳುವವರೆಗೆ ಮುಂದುವರಿಸಲೇಬೇಕು.

ಅಯಸ್ಕಾಂತದ ಚಿಕಿತ್ಸೆ

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಹೊರಗಿನಿಂದಲೇ ಅಯಸ್ಕಾಂತದ ಮಿಡಿತಗಳಿಂದ ಮೆದುಳನ್ನು ಪ್ರಚೋದಿಸಬಹುದೆಂದು ತೋರಿಸಿದರು. ಇದೇ ಟಿ.ಎಂ.ಎಸ್. ಖಿನ್ನತೆಗೆ ಇದನ್ನು ಬಳಸಲು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿಗೆ ನೀಡಿತು. ಇಲ್ಲಿ ಅರಿವಳಿಕೆ ಇಲ್ಲ, ಫಿಟ್ಸ್ ಬರಿಸುವುದಿಲ್ಲ, ನೆನಪಿಗೂ ತೊಂದರೆಯಿಲ್ಲ. ಕುರ್ಚಿಯಲ್ಲಿ ಕುಳಿತ ರೋಗಿಯ ತಲೆಯ ಮುಂಭಾಗದ ಪಕ್ಕಕ್ಕೆ ಒಂದು ಸುರುಳಿಯನ್ನು ಇಡುತ್ತಾರೆ. ಟಕಟಕ ಸದ್ದು, ತಲೆಗೆ ಮೆಲ್ಲಗೆ ಕುಟ್ಟಿದಂತಹ ಅನುಭವ. ಚಿಕಿತ್ಸೆ ಮುಗಿಸಿ ಎದ್ದು ಮನೆಗೆ ಹೋಗಬಹುದು. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಬೇಕಾಗುತ್ತದೆ.

ಪ್ರತಿದಿನ ಮುಕ್ಕಾಲು ಗಂಟೆ ಕುಳಿತುಕೊಳ್ಳುವುದು ಹಿರಿಯರಿಗೆ ಕಷ್ಟ. ಕೆನಡಾದಲ್ಲಿ 60 ದಾಟಿದ 172 ಮಂದಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ‘ಫೋರ್-ಡಿ’ ಅಧ್ಯಯನವು ಸುಮಾರು 4 ನಿಮಿಷಗಳ ಹೊಸ ವಿಧಾನವು ಸುಮಾರು 48 ನಿಮಿಷಗಳ ಹಳೆಯ ವಿಧಾನಕ್ಕಿಂತ ಕಡಿಮೆಯೇನಲ್ಲ ಎಂದು ತೋರಿಸಿತು.

ಆದರೆ ಇದು ಇ.ಸಿ.ಟಿ.ಯಷ್ಟು ಪ್ರಬಲವಲ್ಲ. ಪ್ರಾಣಾಪಾಯವಿರುವಷ್ಟು ತೀವ್ರ ಖಿನ್ನತೆಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯೊಳಗೆ ಅಳವಡಿಸಿದ ಶ್ರವಣ ಸಾಧನ ಇದ್ದವರಿಗೆ ಕೊಡುವುದಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು. ಎಂ.ಆರ್.ಐ.ಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಚಿತ್ರವೇ ದಾರಿ ತೋರಿಸುವಾಗ

ಚಿತ್ರಣ ಮತ್ತು ಪ್ರಚೋದನೆ ಈಗ ಒಂದಕ್ಕೊಂದು ಹತ್ತಿರವಾಗುತ್ತಿವೆ. ವಯಸ್ಸಾದಂತೆ ಮೆದುಳು ಕುಗ್ಗುವುದರಿಂದ ತಲೆಬುರುಡೆಗೂ ಮೆದುಳಿಗೂ ನಡುವಿನ ಅಂತರ ಹೆಚ್ಚುತ್ತದೆ. ಸುರುಳಿಯಿಂದ ದೂರ ಹೋದಂತೆ ಅಯಸ್ಕಾಂತದ ಬಲ ಕಡಿಮೆಯಾಗುತ್ತದೆ. ಎಂ.ಆರ್.ಐ. ಚಿತ್ರವಿದ್ದರೆ ಸುರುಳಿಯನ್ನು ಎಲ್ಲಿ ಇಡಬೇಕು, ಬಲವನ್ನು ಎಷ್ಟು ಹೆಚ್ಚಿಸಬೇಕು ಎಂದು ನಿರ್ಧರಿಸಲು ನೆರವಾಗುತ್ತದೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಸೇಂಟ್’ ಎಂಬ ವಿಧಾನದಲ್ಲಿ ಪ್ರತಿಯೊಬ್ಬ ರೋಗಿಯ ಮೆದುಳಿನ ಚಟುವಟಿಕೆಯ ಎಂ.ಆರ್.ಐ. ನೋಡಿ ಸ್ಥಳವನ್ನು ಗುರುತಿಸಿ, ದಿನಕ್ಕೆ ಹತ್ತು ಬಾರಿಯಂತೆ ಐದೇ ದಿನಗಳಲ್ಲಿ ಚಿಕಿತ್ಸೆ ಮುಗಿಸುತ್ತಾರೆ.

ಮೆದುಳಿನ ಆಳಕ್ಕೆ ತಂತಿ ಇಳಿಸಿ ಪ್ರಚೋದಿಸುವ ಶಸ್ತ್ರಚಿಕಿತ್ಸೆಯೂ ಇದೆ. ಪಾರ್ಕಿನ್‌ಸನ್ ಕಾಯಿಲೆಯ ನಡುಕಕ್ಕೆ ಅದು ಬಳಕೆಯಲ್ಲಿದೆ. ಖಿನ್ನತೆಗೆ ಅದನ್ನು 2005ರಲ್ಲಿ ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು ಆರು ರೋಗಿಗಳಲ್ಲಿ ಪ್ರಯತ್ನಿಸಿ ಭರವಸೆ ಮೂಡಿಸಿದರು. ಬಳಿಕ ನಡೆದ ದೊಡ್ಡ ಪ್ರಯೋಗ ನಿರೀಕ್ಷಿತ ಫಲ ಕಾಣದೆ ಅರ್ಧದಲ್ಲೇ ನಿಂತಿತು. ಖಿನ್ನತೆಯ ಮಟ್ಟಿಗೆ ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. “ತಲೆಗೆ ಕಟ್ಟಿಕೊಳ್ಳಿ, ಮರೆವು ಮಾಯ” ಎಂಬ ಜಾಹೀರಾತು ನೋಡಿ ಯಂತ್ರಗಳನ್ನು ಕೊಳ್ಳಬೇಡಿ. ಮರೆಗುಳಿತನವನ್ನು ನಿಲ್ಲಿಸುವ ಪ್ರಚೋದನೆ ಇನ್ನೂ ಸಾಬೀತಾಗಿಲ್ಲ.

ಕಾನೂನು ನಮ್ಮ ಪರವಾಗಿದೆ

2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಇ.ಸಿ.ಟಿ. ಕೊಡುವುದನ್ನು ನಿಷೇಧಿಸಲಾಗಿದೆ. ಕಾಯ್ದೆಯಲ್ಲಿ ಹೇಳಿದ ತುರ್ತು ಚಿಕಿತ್ಸೆಯ ಹೆಸರಿನಲ್ಲಿಯೂ ಅದನ್ನು ಕೊಡುವಂತಿಲ್ಲ. ವಿವರವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಮತ್ತು ತನ್ನ ಪರವಾಗಿ ಮಾತನಾಡುವವರನ್ನು ನೇಮಿಸುವ ಹಕ್ಕು ಪ್ರತಿಯೊಬ್ಬ ವಯಸ್ಕನಿಗೂ ಇದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕಂಪೆನಿಗಳು ಸೌಲಭ್ಯ ಒದಗಿಸಬೇಕೆಂದು ಇದೇ ಕಾಯ್ದೆ ಹೇಳುತ್ತದೆ.

ನಾವು ಏನು ಮಾಡಬಹುದು?

1. ಎರಡು ವಾರಕ್ಕೂ ಹೆಚ್ಚು ಕಾಲ ಹಿರಿಯರು ಮಂಕಾಗಿದ್ದರೆ ಮೊದಲು ಕುಟುಂಬ ವೈದ್ಯರಿಗೆ ತೋರಿಸೋಣ. ತೆಗೆದುಕೊಳ್ಳುತ್ತಿರುವ ಎಲ್ಲಾ ಮಾತ್ರೆಗಳನ್ನು ಜೊತೆಗೆ ಒಯ್ಯೋಣ. ಇತ್ತೀಚೆಗೆ ಬಿದ್ದಿದ್ದರೆ ಮರೆಯದೆ ಹೇಳೋಣ.

2. ಸ್ಕ್ಯಾನ್ ಬರೆದುಕೊಟ್ಟಾಗ “ಇದರಿಂದ ಏನು ತಿಳಿಯುತ್ತದೆ? ಚಿಕಿತ್ಸೆ ಬದಲಾಗುತ್ತದೆಯೇ?” ಎಂದು ವಿನಯದಿಂದ ಕೇಳೋಣ. ಕೇಳುವುದು ತಪ್ಪಲ್ಲ.

3. ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇ.ಸಿ.ಟಿ. ಮತ್ತು ಟಿ.ಎಂ.ಎಸ್. ಎರಡೂ ಇವೆ. ಇ.ಸಿ.ಟಿ. ಸೂಚಿಸಿದರೆ ನೆರೆಹೊರೆಯವರ ಮಾತು ಕೇಳಿ ಓಡಿಬರದೆ, ವೈದ್ಯರೊಡನೆಯೇ ಕುಳಿತು ಸಂಶಯ ಬಗೆಹರಿಸಿಕೊಳ್ಳೋಣ.

4. “ನಾನು ಇದ್ದು ಏನು ಪ್ರಯೋಜನ” ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಂತಹವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಬೇಕು. ಸರಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

5. ವಾರ್ಡಿನ ಗುರಿಕಾರರು ಮತ್ತು ಮನೆ ಭೇಟಿಯ ಸದಸ್ಯರು ಒಂಟಿಯಾಗಿರುವ ಹಿರಿಯರ ಮನೆಗೆ ಹೋದಾಗ ಐದು ನಿಮಿಷ ಹೆಚ್ಚು ಕುಳಿತುಕೊಳ್ಳಲಿ. ಊಟ ಆಗಿದೆಯೇ, ರಾತ್ರಿ ನಿದ್ದೆ ಬಂತೇ, ಪೂಜೆಗೆ ಬರುವುದನ್ನು ಏಕೆ ನಿಲ್ಲಿಸಿದಿರಿ ಎಂದು ವಿಚಾರಿಸಲಿ. ವಿದೇಶದಲ್ಲಿರುವ ಮಕ್ಕಳಿಗೆ ಫೋನಿನಲ್ಲಿ ತಿಳಿಯದ ಬದಲಾವಣೆ ಎದುರಿಗೆ ಕುಳಿತವರಿಗೆ ತಿಳಿಯುತ್ತದೆ.

6. ಚಿಕಿತ್ಸೆ ಪಡೆದು ಬಂದವರನ್ನು “ಶಾಕ್ ಕೊಟ್ಟವರು” ಎಂದು ಕರೆಯದಿರೋಣ. ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರನ್ನು ಹೇಗೆ ಕಾಣುತ್ತೇವೆಯೋ ಹಾಗೆಯೇ ಅವರನ್ನೂ ಕಾಣೋಣ.

ಸ್ಕ್ಯಾನ್ ಯಂತ್ರ ಮೆದುಳನ್ನು ತೋರಿಸಬಲ್ಲದು, ಮನಸ್ಸಿನ ನೋವನ್ನು ತೋರಿಸಲಾರದು. ಅದನ್ನು ಮೊದಲು ಕಾಣಬೇಕಾದವರು ಜೊತೆಯಲ್ಲಿರುವ ನಾವು. ಕಂಡ ಮೇಲೆ ವಯಸ್ಸಿನ ನೆಪ ಹೇಳದೆ, ಚಿಕಿತ್ಸೆಗೆ ಹೆದರದೆ ವೈದ್ಯರ ಬಳಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ. ಎಪ್ಪತ್ತಾಗಲಿ ಎಂಬತ್ತಾಗಲಿ, ಖಿನ್ನತೆಗೆ ಚಿಕಿತ್ಸೆ ಇದೆ.